ಅರ್ಧ ಮಾತ್ರ ಮಾಯಬೇಕಾದ ಗಾಯ

ಅಪ್ಪನ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಒಂದು ಉದ್ದ ಕಲೆ ಇದೆ. ನಾನು ಹುಟ್ಟುವ ಮುಂಚಿನದು. ಎಳನೀರು ಕೆತ್ತುವಾಗ ಮಚ್ಚು ಜಾರಿ ಆದ ಗಾಯ. ಅಜ್ಜಿ ಅರಿಶಿನ ಮೆತ್ತಿ, ಹಳೆ ಪಂಚೆ ಹರಿದು ಕಟ್ಟಿದ್ದರಂತೆ. ಹದಿನೈದು ದಿನಕ್ಕೆ ಮಾಯಿತಂತೆ. ಚಿಕ್ಕವಳಿದ್ದಾಗ ನಾನು ಆ ಕಲೆಯ ಮೇಲೆ ಬೆರಳಾಡಿಸುತ್ತಿದ್ದೆ. ನುಣ್ಣಗೆ, ಸ್ವಲ್ಪ ಉಬ್ಬಿಕೊಂಡು, ಸುತ್ತಲಿನ ಚರ್ಮಕ್ಕಿಂತ ಗಟ್ಟಿಯಾಗಿರುತ್ತಿತ್ತು. ಅಲ್ಲಿ ಒಂದು ಕೂದಲೂ ಬೆಳೆದಿರಲಿಲ್ಲ. "ನನ್ನ ಮೈ ಒಳ್ಳೆ ಮೈ ಕಣಮ್ಮ, ಗಾಯ ಬೇಗ ಮಾಯುತ್ತೆ" ಅಂತ ಅಪ್ಪ ಹೇಳುತ್ತಿದ್ದರು.

ಗಾಯ ಬೇಗ ಮಾಯಲಿ ಅಂತಲೇ ನಾವೆಲ್ಲ ಬಯಸುವುದು. ಮಾಯದ ಗಾಯ ಅಂದರೆ ಭಯ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ನೋಡಿದವರಿಗೆ ಆ ಭಯ ಏನು ಅಂತ ಗೊತ್ತು. ಹೋದ ವರ್ಷ ಅಪ್ಪನ ಎಡಗಣ್ಣಿಗೆ ಆಪರೇಷನ್ ಆದಾಗ, ಮೊದಲ ಸಲ ನಮಗೆ ಬೇರೆ ಥರದ ಒಂದು ಗಾಯದ ಪರಿಚಯವಾಯಿತು. ಆ ಗಾಯ ಪೂರ್ತಿ ಮಾಯಬಾರದು. ಮಾಯ್ದರೆ ಕಣ್ಣು ಹೋಗುತ್ತದೆ.

ಅಪ್ಪನಿಗೆ ಇರುವುದು ಗ್ಲಾಕೋಮಾ. ಊರಿನಲ್ಲಿ ಎಲ್ಲರೂ "ಕಣ್ಣಿನ ಪ್ರೆಶರ್" ಅನ್ನುತ್ತಾರೆ. ನೋವಿಲ್ಲ, ಕೆಂಪಿಲ್ಲ. ಸುಮ್ನೆ ನೋಟ ಅಂಚಿನಿಂದ ಸವೆಯುತ್ತಾ ಬರುತ್ತದೆ. ಅಪ್ಪನಿಗೆ ಗೊತ್ತಾದದ್ದು ಬೈಕಿಗೆ ಎಡಗಡೆಯಿಂದ ನಾಯಿ ಅಡ್ಡ ಬಂದಾಗ. ನಾಯಿ ಕಾಣಿಸಲೇ ಇಲ್ಲ ಅಂದರು. ಅಷ್ಟರಲ್ಲಿ ಕಣ್ಣಿನ ನರ ಸಾಕಷ್ಟು ಹಾಳಾಗಿತ್ತು. ಆ ನರದಲ್ಲಿ ಸುಮಾರು 10 ಲಕ್ಷಕ್ಕೂ ಹೆಚ್ಚು ಎಳೆಗಳಿರುತ್ತವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಕಣ್ಣೊಳಗಿನ ಒತ್ತಡ ಇಳಿಸಿ ಉಳಿದದ್ದನ್ನು ಕಾಪಾಡಬಹುದು, ಅಷ್ಟೇ.

ಕಣ್ಣಿನೊಳಗೆ ಒಂದು ತಿಳಿ ನೀರು ಸದಾ ಊರುತ್ತಿರುತ್ತದೆ. ಕಣ್ಣೀರಲ್ಲ, ಅದು ಬೇರೆ. ಇದು ಒಳಗಿನ ನೀರು. ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೋಲೀಟರ್. ಔಷಧದ ಬಾಟಲಿಯಿಂದ ಬೀಳುವ ಒಂದು ಹನಿಯಷ್ಟು ನೀರು ಊರಲು ಹತ್ತಿರ ಹತ್ತಿರ 20 ನಿಮಿಷ ಬೇಕು. ಕಪ್ಪುಗುಡ್ಡೆಯೂ ಬಿಳಿಭಾಗವೂ ಸೇರುವ ಮೂಲೆಯಲ್ಲಿ ಸುತ್ತಲೂ ಒಂದು ಸಣ್ಣ ಜಾಲರಿ ಇದೆ. ನೀರು ಅದರ ಮೂಲಕ ಸೋಸಿ ಹೊರಗೆ ಹೋಗುತ್ತದೆ. ಆ ಜಾಲರಿ ಸರಿಯಾಗಿ ಬಿಡದೆ ಹೋದರೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21ರ ನಡುವೆ ಇರುತ್ತದೆ. ಅಪ್ಪನದು ಮೂರು ಥರದ ಡ್ರಾಪ್ಸ್ ಹಾಕಿದ ಮೇಲೂ 32 ಇತ್ತು.

ಡಾಕ್ಟರ್ ಮೇಡಂ ಇದನ್ನು ವಿವರಿಸುವಾಗ ಅಪ್ಪ ಅರ್ಧದಲ್ಲೇ ತಡೆದರು. "ತೂಬು ಕಟ್ಟಿಕೊಂಡಿದೆ ಅನ್ನಿ." ತಿಪಟೂರು ಕಡೆಯ ನಮ್ಮೂರಿನ ಕೆರೆ ತುಂಬಿದ ವರ್ಷ ಅಪ್ಪ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ತೂಬಿನ ಹತ್ತಿರ ನೀರಗಂಟಿಯ ಜೊತೆ ಕೂತಿರುತ್ತಿದ್ದರು. ನೀರು ಜಾಸ್ತಿ ಬಿಟ್ಟರೆ ಗದ್ದೆ ಕೊಚ್ಚುತ್ತದೆ, ಬಿಡದಿದ್ದರೆ ಏರಿಗೆ ಅಪಾಯ. ಮೇಡಂ ನಕ್ಕು, "ಸರಿಯಾಗಿ ಹೇಳಿದ್ರಿ ಯಜಮಾನ್ರೇ. ನಾವು ಹೊಸ ತೂಬು ಇಡ್ತೀವಿ" ಅಂದರು.

ಈ ಹೊಸ ತೂಬಿನ ಆಪರೇಷನ್‌ಗೆ ಟ್ರಾಬೆಕ್ಯುಲೆಕ್ಟಮಿ ಅಂತ ಹೆಸರು. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾನ್ ಕೇರ್ನ್ಸ್ ಎಂಬ ವೈದ್ಯರು 1968ರಲ್ಲಿ ಇದರ ಬಗ್ಗೆ ಬರೆದರು. ಕಟ್ಟಿಕೊಂಡ ಜಾಲರಿಯ ತುಂಡನ್ನು ತೆಗೆದರೆ ನೀರು ತನ್ನ ಹಳೆಯ ಕಾಲುವೆಗೇ ಸೇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಒತ್ತಡ ಚೆನ್ನಾಗಿ ಇಳಿದ ಕಣ್ಣುಗಳಲ್ಲಿ ನೀರು ಬೇರೆ ದಾರಿ ಹಿಡಿದಿತ್ತು ಅಂತ. ಕಣ್ಣಿನ ಬಿಳಿಭಾಗದಲ್ಲಿ ಬಿಟ್ಟ ಸಣ್ಣ ಕಿಂಡಿಯಿಂದ ಹೊರಬಂದು, ಮೇಲಿನ ತೆಳು ಪೊರೆಯ ಅಡಿ ನಿಂತು, ಒಂದು ಚಿಕ್ಕ ಬೊಬ್ಬೆಯ ಥರ ಉಬ್ಬಿಕೊಂಡಿತ್ತು. ಅಲ್ಲಿಂದ ಮೆಲ್ಲಗೆ ಮೈಗೆ ಇಂಗಿ ಹೋಗುತ್ತಿತ್ತು. ಆ ಉಬ್ಬನ್ನು ಡಾಕ್ಟರುಗಳು ಬ್ಲೆಬ್ ಅನ್ನುತ್ತಾರೆ. ಮೇಲಿನ ರೆಪ್ಪೆಯ ಹಿಂದೆ ಅಡಗಿರುತ್ತದೆ, ಎದುರು ಕೂತವರಿಗೆ ಕಾಣುವುದಿಲ್ಲ.

ಕಿಂಡಿ ಮಾಡುವುದು ಕೈಚಳಕದ ಕೆಲಸ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಬಿಳಿಭಾಗದ ಅರ್ಧ ದಪ್ಪಕ್ಕೆ ಮೂರು ನಾಲ್ಕು ಮಿಲಿಮೀಟರಿನ ಒಂದು ಮುಚ್ಚಳ ಎಬ್ಬಿಸಬೇಕು. ಅದರಡಿ ಕಿಂಡಿ ತೆಗೆಯಬೇಕು. ಮತ್ತೆ ಮುಚ್ಚಳವನ್ನು ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದಲ್ಲಿ ಹೊಲಿಯಬೇಕು. ತೀರಾ ಬಿಗಿಯಾದರೆ ನೀರು ಬರುವುದಿಲ್ಲ. ಸಡಿಲವಾದರೆ ಜಾಸ್ತಿ ಹರಿದು ಕಣ್ಣು ಮೆತ್ತಗಾಗಿಬಿಡುತ್ತದೆ. ಆದರೂ ನಿಜವಾದ ಕಷ್ಟ ಇದಾದ ಮೇಲೆ ಶುರುವಾಗುತ್ತದೆ. ಮೈಗೆ ಅದು ತೂಬು ಅಂತ ಗೊತ್ತಿಲ್ಲ. ಮೈಗೆ ಕಾಣುವುದು ಒಂದು ಗಾಯ. ಗಾಯವನ್ನು ಮುಚ್ಚುವುದು ಅದರ ಕೆಲಸ.

ಮೈ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ಅಂತ ತಿಳಿದಾಗ ನನಗೆ ನಿಜಕ್ಕೂ ಬೆರಗಾಯಿತು. ಕೊಯ್ದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಉರಿಯೂತ. ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ. ಕಸ ತೆಗೆಯುವ ಕೋಶಗಳು ಬಂದು ಸೇರುತ್ತವೆ. ಅವು ಬೇರೆ ಕೋಶಗಳನ್ನು ಕರೆಯುತ್ತವೆ. ಹೀಗೆ ಕರೆದಾಗ ಬರುವವುಗಳಲ್ಲಿ ನಾರು ನೇಯುವ ಕೋಶಗಳು ಮುಖ್ಯ. ಅವು ಮೊದಲ ವಾರದಲ್ಲೇ ಬಂದು, ಕೊಲಾಜನ್ ಎಂಬ ನಾರನ್ನು ಹೆಣೆಯುತ್ತವೆ. ಸುಮ್ಮನೆ ಹೆಣೆಯುವುದಲ್ಲ, ಗಾಯದ ಎರಡು ಅಂಚನ್ನು ಹಿಡಿದು ಎಳೆಯುತ್ತವೆ. ವಾರ, ತಿಂಗಳು ಕಳೆದಂತೆ ಆ ನಾರು ಬಿಗಿಯಾಗಿ, ಗಟ್ಟಿಯಾಗಿ ಕಲೆಯಾಗುತ್ತದೆ. ಅಪ್ಪನ ಕಾಲಿನ ಕಲೆ ಆದದ್ದು ಹೀಗೇ. ಗರ್ಭದೊಳಗಿನ ಎಳೆಯ ಶಿಶುವಿನ ಚರ್ಮಕ್ಕೆ ಗಾಯವಾದರೆ ಕಲೆಯೇ ಉಳಿಯುವುದಿಲ್ಲವಂತೆ. ಹುಟ್ಟಿ ಬೆಳೆದ ಮೇಲೆ ನಮಗೆ ಆ ಭಾಗ್ಯ ಇಲ್ಲ. ನಾವು ತೇಪೆ ಹಾಕಿಕೊಂಡು ಬದುಕುವವರು.

ಕಣ್ಣಿನಲ್ಲಿ ಈ ತೇಪೆಯಿಂದ ಆಗುವ ತೊಂದರೆಯನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಕಣ್ಣಲ್ಲಿ ಹೂ ಬಿದ್ದಿತ್ತು. ಕೊಯ್ಲಿನಲ್ಲಿ ಭತ್ತದ ಕಡ್ಡಿ ಚುಚ್ಚಿ, ಹುಣ್ಣಾಗಿ, ಮಾಯ್ದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಉಳಿದಿತ್ತು. ಆ ಹೂ ಒಂದು ಕಲೆಯೇ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರದಲ್ಲಿ ನಾರುಗಳು ಒಂದೇ ಅಂತರದಲ್ಲಿ, ಮಗ್ಗದ ಎಳೆಯಷ್ಟು ಅಚ್ಚುಕಟ್ಟಾಗಿ ಇರುತ್ತವೆ. ಅದಕ್ಕೇ ಬೆಳಕು ಹಾದುಹೋಗುತ್ತದೆ. ಗಾಯ ಮಾಯುವಾಗ ಬರುವ ಹೊಸ ನಾರು ಅಡ್ಡಾದಿಡ್ಡಿ. ಬೆಳಕು ಚದುರಿ, ಬೆಳ್ಳಗೆ ಕಾಣುತ್ತದೆ. ಅಜ್ಜಿಯ ಕಣ್ಣಿನ ಗಾಯ ಮಾಯ್ದಿತ್ತು. ಆದರೆ ನೋಟ ಹೋಗಿತ್ತು.

ಅಪ್ಪನ ವಿಷಯದಲ್ಲಿ ಅಪಾಯ ಜಾಸ್ತಿ ಇತ್ತು. ಆರು ವರ್ಷ ದಿನಾ ಡ್ರಾಪ್ಸ್ ಹಾಕಿ ಹಾಕಿ ಕಣ್ಣಿನ ಮೇಲಿನ ಪೊರೆ ಮೊದಲೇ ಕೆರಳಿತ್ತು. ಔಷಧ ಕೆಡದ ಹಾಗೆ ಅದರಲ್ಲಿ ಸೇರಿಸುವ ರಾಸಾಯನಿಕವೂ ಅದಕ್ಕೆ ಒಂದು ಕಾರಣ ಅಂತೆ. ಕೆರಳಿದ ಪೊರೆಯಲ್ಲಿ ನಾರು ನೇಯುವ ಕೋಶಗಳು ಮೊದಲೇ ಎದ್ದು ಕೂತಿರುತ್ತವೆ. ನಾನು ಅಪ್ಪನ ಕಾಲಿನ ಕಲೆ ತೋರಿಸಿ, "ಇದನ್ನ ನೋಡಿ ಕಣ್ಣಿನ ಬಗ್ಗೆ ಏನಾದ್ರೂ ಹೇಳ್ಬಹುದಾ ಮೇಡಂ?" ಅಂತ ಕೇಳಿದೆ. ಅದನ್ನು ನೋಡಿ ಕಣ್ಣಿನ ಬಗ್ಗೆ ಹೇಳೋಕೆ ಆಗಲ್ಲ ಅಂದರು.

ಮೈಯ ಈ ಅವಸರವನ್ನು ತಡೆಯಲು ಆಪರೇಷನ್ ಟೇಬಲ್ಲಿನ ಮೇಲೇ ಒಂದು ಔಷಧ ಇಡುತ್ತಾರೆ. ಮೈಟೋಮೈಸಿನ್. ನೇರಳೆ ಬಣ್ಣದ ದ್ರಾವಣ. 1950ರ ದಶಕದಲ್ಲಿ ಜಪಾನಿನಲ್ಲಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು. ಮೊದಲು ಬಳಕೆಯಾದದ್ದು ಕ್ಯಾನ್ಸರಿಗೆ. ಕೋಶಗಳು ಎರಡಾಗಿ ಹೆಚ್ಚುವುದನ್ನು ಅದು ನಿಲ್ಲಿಸುತ್ತದೆ. 1980ರ ದಶಕದ ಆರಂಭದಲ್ಲಿ ತೈವಾನಿನ ವೈದ್ಯರೊಬ್ಬರು ಇದನ್ನು ಗ್ಲಾಕೋಮಾ ಆಪರೇಷನ್‌ನಲ್ಲಿ ಬಳಸಿದರು. ಸ್ಪಂಜಿನ ಚೂರನ್ನು ಅದರಲ್ಲಿ ಅದ್ದಿ, ಪೊರೆಯ ಅಡಿ ಎರಡು ಮೂರು ನಿಮಿಷ ಇಟ್ಟು, ಆಮೇಲೆ ಧಾರಾಳವಾಗಿ ತೊಳೆಯುತ್ತಾರೆ. ಆ ಎರಡು ಮೂರು ನಿಮಿಷದ ಪರಿಣಾಮ ವರ್ಷಗಟ್ಟಲೆ ಇರುತ್ತದೆ. ಹೆಚ್ಚಾದರೆ ಪೊರೆ ತೀರಾ ತೆಳ್ಳಗಾಗಿ ಸೋರುತ್ತದೆ, ಸೋಂಕು ಒಳಗೆ ಹೋಗಬಹುದು. ಕಡಿಮೆಯಾದರೆ ಕಿಂಡಿ ಮುಚ್ಚುತ್ತದೆ. ಹದ ಅನ್ನುವ ಮಾತಿನ ಅರ್ಥ ನನಗೆ ಪೂರ್ತಿ ಆದದ್ದು ಆಗಲೇ. ಮೇಲಿನ ಪೊರೆ ನೀರು ಸೋರದ ಹಾಗೆ ಮಾಯಬೇಕು. ಅದರ ಅಡಿಯ ದಾರಿ ಮಾಯಬಾರದು. ಒಂದೇ ಗಾಯ, ಅಕ್ಕಿ ಕಾಳಿನಷ್ಟು ಜಾಗ, ಅರ್ಧ ಮಾಯಬೇಕು, ಅರ್ಧ ಮಾಯಬಾರದು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಪ್ರೆಶರ್ 8. ಎರಡು ವಾರಕ್ಕೆ 14. ಆಗ ಮೇಡಂ ಲೇಸರ್‌ನಿಂದ ಒಳಗಿನ ಒಂದು ಹೊಲಿಗೆ ಕತ್ತರಿಸಿದರು. ಪೊರೆಗೆ ಏನೂ ಆಗದೆ ಅದರಡಿಯ ಕಪ್ಪು ದಾರ ಮಾತ್ರ ತುಂಡಾಯಿತು. ತೂಬನ್ನು ಒಂದು ಬೆರಳು ಎತ್ತಿದ ಹಾಗೆ. ಪ್ರೆಶರ್ 10ಕ್ಕೆ ಇಳಿಯಿತು. ನಾವು ಗೆದ್ದೆವು ಅಂದುಕೊಂಡೆವು.

ತಪ್ಪಾದದ್ದು ಆಮೇಲೆ, ಮನೆಯಲ್ಲಿ.

ಡಿಸ್ಚಾರ್ಜ್ ಆಗುವಾಗ ಕೈಗೆ ಒಂದು ಚೀಟಿ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷ್. ಡ್ರಾಪ್ಸ್ ಹೆಸರು, ದಿನಕ್ಕೆ ಎಷ್ಟು ಸಲ, ಯಾವ ದಿನ ಬರಬೇಕು. ಅದರಲ್ಲಿ ಪ್ರೆಡ್ನಿಸೊಲೋನ್ ಎರಡು ಗಂಟೆಗೊಮ್ಮೆ. ನೀರು ಮಜ್ಜಿಗೆಯ ಬಣ್ಣದ ಹನಿ. ಅಡಿಯಲ್ಲಿ ಕೂರುತ್ತದೆ, ಚೆನ್ನಾಗಿ ಕುಲುಕಿ ಹಾಕಬೇಕು. ಯಾಕೆ ಹಾಕಬೇಕು ಅಂತ ಚೀಟಿಯಲ್ಲಿ ಇರಲಿಲ್ಲ, ಬಾಯಲ್ಲೂ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಆಪರೇಷನ್ ಬಗ್ಗೆ ಅಷ್ಟೆಲ್ಲ ಕೇಳಿದ ನಾನು ಹನಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಣ್ಣು ನೋಯದಿರಲಿ ಅಂತ ಕೊಟ್ಟಿದ್ದಾರೆ ಅಂದುಕೊಂಡೆವು.

ಮನೆಯಲ್ಲಿ ಪಥ್ಯ ಮಾತ್ರ ಜೋರಾಗಿತ್ತು. ಬದನೆಕಾಯಿ ನಂಜು, ಹಲಸಿನಹಣ್ಣು ನಂಜು ಅಂತ ಅಮ್ಮ ಅಡುಗೆಮನೆಯಿಂದ ಎಲ್ಲ ಎತ್ತಿಟ್ಟರು. ತಲೆಗೆ ನೀರು ಹಾಕಲಿಲ್ಲ. ಅಪ್ಪ ಬಗ್ಗಿ ಚಪ್ಪಲಿ ಸಹ ಹಾಕಿಕೊಳ್ಳಲಿಲ್ಲ, ನಾನೇ ಹಾಕುತ್ತಿದ್ದೆ. ಕೊನೆಯ ಎರಡು ಡಾಕ್ಟರು ಹೇಳಿದ್ದೇ. ಬದನೆಕಾಯಿ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಗಾಯ ಬೇಗ ಮಾಯಲಿ ಅಂತ ಮನೆಯವರೆಲ್ಲ ಒಂದಾಗಿ ದುಡಿದೆವು. ಅದೇ ನೋಡಿ ಸಂಕಟ.

ಮೂರನೇ ವಾರ ನಾನು ಬೆಂಗಳೂರಿಗೆ ಕೆಲಸಕ್ಕೆ ವಾಪಸ್ ಬಂದೆ. ಊರಲ್ಲಿ ಹನಿ ಮುಗಿದು, ಅಪ್ಪ ಅಂಗಡಿಗೆ ಹೋದರು. ಅಲ್ಲಿದ್ದವರು ಬಾಟಲಿ ನೋಡಿ, "ಇದು ಸ್ಟೀರಾಯ್ಡು ಯಜಮಾನ್ರೇ, ಜಾಸ್ತಿ ಹಾಕಿದ್ರೆ ಕಣ್ಣಿಗೇ ತೊಂದ್ರೆ" ಅಂದರಂತೆ. ಈ ಮಾತಿನಲ್ಲಿ ಸುಳ್ಳಿಲ್ಲ. ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿಕೊಂಡು ಗ್ಲಾಕೋಮಾ ತಂದುಕೊಂಡವರು ಇದ್ದಾರೆ. ಕಣ್ಣು ತುರಿಕೆಗೆ ಅಂತ ಮಕ್ಕಳಿಗೆ ಹಾಕಿ ಹಾಗಾದದ್ದೂ ಇದೆ. ಆದರೆ ಆಪರೇಷನ್ ಆದ ಕಣ್ಣಿಗೆ ಆ ಹನಿ ಕೊಡುವ ಕಾರಣವೇ ಬೇರೆ. ಉರಿಯೂತ ತಣ್ಣಗಿಟ್ಟು, ನಾರು ನೇಯುವ ಕೋಶಗಳನ್ನು ಕರೆಯುವವರೇ ಇಲ್ಲದ ಹಾಗೆ ಮಾಡುವುದಕ್ಕೆ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ನೋವಿರಲಿಲ್ಲ, ಕೆಂಪೂ ಇಳಿದಿತ್ತು. ಹನಿ ನಿಲ್ಲಿಸಿದರು. ನನಗೆ ಹೇಳಲಿಲ್ಲ, ಯಾಕೆಂದರೆ ಹೇಳುವಂಥದ್ದು ಅಂತ ಅವರಿಗೆ ಅನ್ನಿಸಿರಲಿಲ್ಲ.

ಐದನೇ ವಾರ ಪ್ರೆಶರ್ 24.

ಮೇಡಂ ದೀಪದ ಯಂತ್ರದ ಮುಂದೆ ಅಪ್ಪನ ರೆಪ್ಪೆ ಎತ್ತಿ ನನಗೂ ತೋರಿಸಿದರು. ಮೊದಲು ಆ ಉಬ್ಬು ತಿಳಿಯಾಗಿ, ಮಳೆನೀರಿನ ಗುಳ್ಳೆಯ ಹಾಗೆ ಹರಡಿಕೊಂಡಿತ್ತು. ಈಗ ಕುಗ್ಗಿ, ದಪ್ಪಗಾಗಿ, ಮೇಲೆಲ್ಲ ಕೆಂಪು ರಕ್ತನಾಳಗಳು ಸುರುಳಿ ಸುತ್ತಿಕೊಂಡಿದ್ದವು. ಮೈ ತನ್ನ ಕೆಲಸ ಮಾಡಿತ್ತು. ಮೇಡಂ ಬೈಯಲಿಲ್ಲ. "ಇದನ್ನ ನಾವೇ ಬಿಡಿಸಿ ಹೇಳ್ಬೇಕಿತ್ತು" ಅಂದರು. ಆ ಮಾತಿಗೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮಾ, ಮಗುಗೆ ಕಿವಿ ಚುಚ್ಚಿಸಿ ಕಡ್ಡಿ ಹಾಕದೆ ಬಿಟ್ರೆ ಏನಾಗುತ್ತೆ?" ಅಂತ ಕೇಳಿದರು.

"ಮುಚ್ಕೊಳ್ಳುತ್ತೆ."

"ಈ ಹನಿಯೇ ಕಡ್ಡಿ."

ಅಮ್ಮ ಎರಡು ನಿಮಿಷ ಮಾತಾಡಲಿಲ್ಲ. ನನ್ನ ಕಿವಿ ಚುಚ್ಚಿಸಿದಾಗ ಬೇವಿನ ಕಡ್ಡಿ ಹಾಕಿ, ದಿನಾ ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಿದವರು ಅವರೇ. ಐದು ವಾರದ ನಂತರ ಆ ಒಂದು ಮಾತಿನಿಂದ ಇಡೀ ವಿಷಯ ಅವರಿಗೆ ಗೊತ್ತಾಯಿತು. ಮೊದಲ ದಿನವೇ ಯಾರಾದರೂ ಹೀಗೆ ಹೇಳಿದ್ದರೆ ಅಪ್ಪನ ಹನಿ ಒಂದೇ ಒಂದು ಸಲ ತಪ್ಪುತ್ತಿರಲಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಬದನೆಕಾಯಿಯನ್ನೇ ಹೊಸ್ತಿಲು ದಾಟಲು ಬಿಡದ ಮನೆ ಅದು.

ಅವತ್ತೇ ನೀಡ್ಲಿಂಗ್ ಮಾಡಿದರು. ಮರಗಟ್ಟುವ ಹನಿ ಹಾಕಿ, ಕೂದಲೆಳೆಯಂಥ ಸೂಜಿಯನ್ನು ಪೊರೆಯ ಅಡಿ ಪಕ್ಕದಿಂದ ತೂರಿಸಿ, ಬೆಳೆದ ನಾರನ್ನು ಒಂದೊಂದಾಗಿ ಬಿಡಿಸಿದರು. ಕೆರೆಯ ತೂಬಿನ ಬಾಯಲ್ಲಿ ಬೆಳೆದ ಬೇರು ಕಿತ್ತ ಹಾಗೆ. ಮತ್ತೆ ಕಟ್ಟಿಕೊಳ್ಳದಿರಲಿ ಅಂತ ಪಕ್ಕದಲ್ಲಿ 5-ಎಫ್‌ಯು ಎಂಬ ಔಷಧದ ಚುಚ್ಚುಮದ್ದು. ಅದೂ ಕ್ಯಾನ್ಸರ್ ಔಷಧವೇ. ಅಪ್ಪ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಸೂಜಿ ನೋಯಲಿಲ್ಲ, ಔಷಧ ಮಾತ್ರ ಸೀಗೆಪುಡಿ ಕಣ್ಣಿಗೆ ಬಿದ್ದ ಹಾಗೆ ಉರೀತು ಅಂದರು. ಅಂಥ ಚುಚ್ಚುಮದ್ದು ಇನ್ನೂ ಮೂರು ಸಲ ಆಯಿತು.

ಇದೂ ಕೆಲಸ ಮಾಡದಿದ್ದರೆ ಕಣ್ಣಿಗೆ ಸಣ್ಣ ಕೊಳವೆ ಇಡುವ ದಾರಿ ಇದೆ. ಮದುರೈನ ಅರವಿಂದ ಸಂಸ್ಥೆಯ ಅರೋಲ್ಯಾಬ್ ಅದನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಮಾಡುತ್ತದೆ. ಕೊಳವೆ ಇಟ್ಟರೂ ಮೈ ಸುಮ್ಮನಿರುವುದಿಲ್ಲ. ಅದರ ಇನ್ನೊಂದು ತುದಿಯ ಬಿಲ್ಲೆಯ ಸುತ್ತ ಒಂದು ನಾರಿನ ಚೀಲ ಕಟ್ಟುತ್ತದೆ. ಅಲ್ಲಿಯೂ ಚೀಲ ಎಷ್ಟು ದಪ್ಪ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಅಪ್ಪನಿಗೆ ಸದ್ಯ ಅದು ಬೇಕಾಗಲಿಲ್ಲ. ಪ್ರೆಶರ್ 12ಕ್ಕೆ ಇಳಿದು, ಈಗ 13ರಲ್ಲಿ ನಿಂತಿದೆ. ಹೋದ ನೋಟ ಬಂದಿಲ್ಲ, ಬರುವುದೂ ಇಲ್ಲ. ಎಡಗಡೆಯಿಂದ ಬರುವ ನಾಯಿ ಅವರಿಗೆ ಈಗಲೂ ಕಾಣುವುದಿಲ್ಲ. ಮೊಮ್ಮಗನ ಮುಖ ಕಾಣುತ್ತದೆ.

ಒಂದು ಎಚ್ಚರಿಕೆ ಜೀವಮಾನವಿಡೀ ಇರಬೇಕು. ಆ ಉಬ್ಬಿನ ಪೊರೆ ತೆಳ್ಳಗಿರುವುದರಿಂದ ವರ್ಷಗಳ ನಂತರವೂ ಸೋಂಕು ತಗಲಬಹುದು. ಕಣ್ಣು ಕೆಂಪಾಗಿ, ಪಿಸುರು ಬಂದು, ನೋವಿದ್ದರೆ, ನೋಟ ಮಂಜಾದರೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅವತ್ತೇ ಹೋಗಬೇಕು. ಇದನ್ನು ಅಮ್ಮ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾರೆ. ಅದರ ಕೆಳಗೆ ಹನಿ ಹಾಕಿದ್ದಕ್ಕೆ ಗೀಟುಗಳು. ದಿನಕ್ಕೆ ಎಂಟು, ಆಮೇಲೆ ಆರು, ನಾಲ್ಕು, ಎರಡು, ಒಂದು. ಒಂದು ತಿಂಗಳ ಹಾಳೆ ತಿರುವಿದರೆ ಗೀಟುಗಳು ತೆಳುವಾಗುತ್ತಾ ಹೋಗಿರುವುದು ಕಾಣುತ್ತದೆ.

ಹೋದ ತಿಂಗಳು ತಪಾಸಣೆಗೆ ಹೋದಾಗ, ಕಾಯುವ ಕೋಣೆಯಲ್ಲಿ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಒಂದು ಕಣ್ಣಿಗೆ ಹಸಿರು ಬಟ್ಟೆಯ ಮರೆ. ಹಿಂದಿನ ದಿನ ಇದೇ ಆಪರೇಷನ್ ಆಗಿತ್ತಂತೆ. ಸೊಸೆಯ ಕೈಯಲ್ಲಿ ಅದೇ ಥರದ ಚೀಟಿ. ಅಪ್ಪ ಕೇಳಿಯೇಬಿಟ್ಟರು. "ಬಿಳಿ ಹನಿ ಕೊಟ್ಟಿದ್ದಾರಾ ತಾಯಿ? ಯಾಕೆ ಅಂತ ಹೇಳಿದ್ರಾ?" ಅವರು ಇಲ್ಲ ಅಂತ ತಲೆಯಾಡಿಸಿದರು. ಅಪ್ಪ ತಮ್ಮ ಬಲಗಾಲಿನ ಪಂಚೆ ಸರಿಸಿ ಮಚ್ಚಿನ ಕಲೆ ತೋರಿಸಿದರು. "ನೋಡಿ, ಮೈ ಹೀಗೆ ಮಾಡುತ್ತೆ. ಕಣ್ಣಲ್ಲೂ ಹೀಗೇ ಮಾಡೋಕೆ ನೋಡುತ್ತೆ." ಆಮೇಲೆ ಕೆರೆ, ತೂಬು, ಕಿವಿಯ ಕಡ್ಡಿ ಎಲ್ಲ ಬಂತು. ಆ ಹೆಂಗಸು ಕೇಳುತ್ತಾ ಕೇಳುತ್ತಾ ತಮ್ಮ ಕಿವಿಯ ಓಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

ಸೊಸೆ ಚೀಟಿಯನ್ನು ನನ್ನ ಕಡೆ ಚಾಚಿ, "ಅಕ್ಕ, ಕನ್ನಡದಲ್ಲಿ ಬರೆದುಕೊಡ್ತೀರಾ?" ಅಂದಳು. ನಾನು ಪೆನ್ನು ತೆಗೆದು ಹಿಂಬದಿಯಲ್ಲಿ ಬರೆದೆ. ಬಿಳಿ ಹನಿ, ಕುಲುಕಿ, ಎರಡು ಗಂಟೆಗೊಮ್ಮೆ. ಬೇರೆ ಹನಿಗೂ ಇದಕ್ಕೂ ಐದು ನಿಮಿಷ ಬಿಟ್ಟು. ಇದು ನೋವಿಗಲ್ಲ. ಒಳಗಿನ ಕಿಂಡಿ ಮುಚ್ಚದಿರಲಿ ಅಂತ. ನೋವಿಲ್ಲದಿದ್ದರೂ ಹಾಕಬೇಕು. ಡಾಕ್ಟರ್ ಹೇಳದೆ ನಿಲ್ಲಿಸಬಾರದು.